ಗರ್ಭಕೋಶದ ಕ್ಯಾನ್ಸರೂ ಕಾವಲು ಗ್ರಂಥಿಯೂ

ಗೋವಿಂದರಾಜನಗರದಲ್ಲಿ ಒಂದು ಸಂಜೆ ಜೋರಾಗಿ ಮಳೆ ಸುರಿಯಿತೆಂದು ಭಾವಿಸೋಣ. ತಾರಸಿಗಳಿಂದಲೂ ಬೀದಿಗಳಿಂದಲೂ ಇಳಿದ ನೀರು ಮೊದಲು ಮನೆಯ ಮುಂದಿನ ಚರಂಡಿಯನ್ನು ಸೇರುವುದು. ಚರಂಡಿಯಿಂದ ಮೋರಿಗೆ, ಮೋರಿಯಿಂದ ರಾಜಕಾಲುವೆಗೆ, ರಾಜಕಾಲುವೆಯಿಂದ ವೃಷಭಾವತಿಯ ಕಣಿವೆಗೆ ಹರಿಯುವುದು. ವೃಷಭಾವತಿ ಮೈಸೂರು ರಸ್ತೆಯ ಮಗ್ಗುಲಲ್ಲಿ ಸಾಗಿ, ಕೆಂಗೇರಿಯನ್ನು ದಾಟಿ, ಬಿಡದಿಯ ಸಮೀಪದ ಬೈರಮಂಗಲದ ಕಡೆಗೆ ಹೋಗಿ, ಮುಂದೆ ಅರ್ಕಾವತಿಯನ್ನು ಕೂಡಿ, ಕೊನೆಗೆ ಕಾವೇರಿಯಲ್ಲಿ ಲೀನವಾಗುವುದು. ಬೈರಮಂಗಲದಲ್ಲಿ ಈ ಹೊಳೆಗೆ ಅಡ್ಡಲಾಗಿ ಜಲಾಶಯವನ್ನು ಕಟ್ಟಿದ್ದಾರೆ. ಬೆಂಗಳೂರಿನಲ್ಲಿ ನೀರಿಗೆ ಬಿದ್ದ ಕಶ್ಮಲ ಆ ದೂರದ ಜಲಾಶಯದಲ್ಲಿ ನೊರೆಯಾಗಿ ಕಾಣಿಸಿಕೊಂಡ ಸುದ್ದಿಯನ್ನು ನಮ್ಮ ವಾಚಕರಲ್ಲಿ ಅನೇಕರು ಓದಿರಬಹುದು.

ಹೊಳೆಯ ಮೇಲುಭಾಗದಲ್ಲಿ ಏನಾಗಿದೆ ಎಂಬುದನ್ನು ಕೆಳಭಾಗದ ಕೆರೆಯ ನೀರನ್ನು ಪರೀಕ್ಷಿಸಿ ತಿಳಿಯಬಹುದು. ಈ ಸಾಮಾನ್ಯ ವಿವೇಕವೇ ಇಂದು ಸ್ತ್ರೀಯರ ಒಂದು ಮುಖ್ಯ ರೋಗದ ಚಿಕಿತ್ಸೆಯಲ್ಲಿ ವೈದ್ಯರಿಗೆ ದಾರಿ ತೋರುತ್ತಿದೆ. ಅದು ಹೇಗೆಂಬುದನ್ನು ಈಗ ನೋಡೋಣ.

ದೇಹದ ಕಾಲುವೆಗಳು

ನಮ್ಮ ದೇಹದಲ್ಲಿ ರಕ್ತನಾಳಗಳಲ್ಲದೆ ಇನ್ನೊಂದು ಬಗೆಯ ನಾಳಗಳೂ ಉಂಟು. ರಕ್ತದ ದ್ರವಭಾಗದಲ್ಲಿ ಸ್ವಲ್ಪ ಅಂಶ ಸೂಕ್ಷ್ಮ ರಕ್ತನಾಳಗಳಿಂದ ಜಿನುಗಿ ಜೀವಕೋಶಗಳ ನಡುವಣ ಸಂದುಗಳನ್ನು ತುಂಬುವುದು. ಹೀಗೆ ಜಿನುಗಿ ಉಳಿದ ದ್ರವವನ್ನು ಬಸಿದು ಮರಳಿ ರಕ್ತಕ್ಕೆ ಸೇರಿಸುವ ತೆಳುವಾದ ನಾಳಗಳೇ ದುಗ್ಧನಾಳಗಳು; ಅವುಗಳಲ್ಲಿ ಹರಿಯುವ ದ್ರವವೇ ದುಗ್ಧರಸ. ದಿನವೊಂದಕ್ಕೆ ಎರಡು ಮೂರು ಲೀಟರಿನಷ್ಟು ದ್ರವ ಈ ಮಾರ್ಗವಾಗಿ ರಕ್ತಕ್ಕೆ ಹಿಂದಿರುಗುವುದು.

ಈ ನಾಳಗಳ ದಾರಿಯಲ್ಲಿ ಅಲ್ಲಲ್ಲಿ ಅವರೆಕಾಳಿನ ಆಕಾರದ ಸಣ್ಣ ಗ್ರಂಥಿಗಳಿವೆ. ಇವುಗಳಿಗೆ ದುಗ್ಧಗ್ರಂಥಿಗಳೆಂದು ಹೆಸರು. ನೀರಿನ ದಾರಿಯಲ್ಲಿ ಕೆರೆಯಿದ್ದಂತೆ ಇವು ದುಗ್ಧರಸವನ್ನು ತಡೆದು, ಶೋಧಿಸಿ, ಮುಂದಕ್ಕೆ ಬಿಡುವುವು. ರೋಗಾಣುಗಳು ಬಂದರೆ ಅವುಗಳೊಡನೆ ಹೋರಾಡುವ ರಕ್ಷಕ ಕೋಶಗಳು ಇಲ್ಲಿಯೇ ಬೀಡುಬಿಟ್ಟಿರುವುವು. ಗಂಟಲು ನೋವು ಬಂದಾಗ ಕೊರಳಿನಲ್ಲಿ ಗಂಟು ಕೈಗೆ ಸಿಕ್ಕುವುದು ಇದೇ ಕಾರಣದಿಂದ.

ಗರ್ಭಕೋಶದಿಂದ ಹೊರಡುವ ದುಗ್ಧರಸಕ್ಕೆ ಮುಖ್ಯವಾಗಿ ಎರಡು ದಾರಿಗಳು. ಒಂದು, ಕಿಬ್ಬೊಟ್ಟೆಯ ಎಡಬಲ ಗೋಡೆಗಳ ಮೇಲಿರುವ ಗ್ರಂಥಿಗಳ ಕಡೆಗೆ. ಇನ್ನೊಂದು, ಬೆನ್ನುಮೂಳೆಯ ಮುಂದೆ ಇಳಿಯುವ ಮಹಾಧಮನಿಯ ಪಕ್ಕದ ಗ್ರಂಥಿಗಳ ಕಡೆಗೆ. ಗರ್ಭಕೋಶದಲ್ಲಿ ಕ್ಯಾನ್ಸರ್ ಹುಟ್ಟಿ ಅದರ ಕೋಶಗಳು ದುಗ್ಧನಾಳವನ್ನು ಹೊಕ್ಕರೆ, ಅವು ಮೊದಲು ತಂಗುವುದು ಸಾಮಾನ್ಯವಾಗಿ ಈ ಗ್ರಂಥಿಗಳಲ್ಲಿ.

ಒಳಪೊರೆಯಲ್ಲಿ ಹುಟ್ಟುವ ರೋಗ

ಗರ್ಭಕೋಶದ ಒಳಮೈಗೆ ಒಂದು ಮೃದುವಾದ ಪೊರೆಯ ಹೊದಿಕೆಯಿದೆ. ಈಸ್ಟ್ರೊಜೆನ್ ಎಂಬ ಹಾರ್ಮೋನು ಈ ಪೊರೆಯನ್ನು ಬೆಳೆಸುವುದು. ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನು ಆ ಬೆಳವಣಿಗೆಗೆ ಕಡಿವಾಣ ಹಾಕುವುದು. ಎರಡನೆಯದರ ಹತೋಟಿ ತಪ್ಪಿ ಮೊದಲನೆಯದೇ ಬಹುಕಾಲ ಮೇಲುಗೈಯಾದರೆ ಪೊರೆ ಮಿತಿಮೀರಿ ಬೆಳೆದು, ಕೆಲವರಲ್ಲಿ ಕ್ಯಾನ್ಸರಿಗೆ ತಿರುಗಬಹುದು. ಕೊಬ್ಬಿನ ಅಂಗಾಂಶವೂ ಈಸ್ಟ್ರೊಜೆನ್ನನ್ನು ತಯಾರಿಸಬಲ್ಲದಾದುದರಿಂದ ಸ್ಥೂಲಕಾಯ ಈ ರೋಗಕ್ಕೆ ಒಂದು ಮುಖ್ಯ ಕಾರಣ. ಸಿಹಿಮೂತ್ರರೋಗ ಇರುವವರಲ್ಲಿಯೂ ಅಪಾಯ ಹೆಚ್ಚು.

ಇದು ಅಪರೂಪದ ರೋಗವಲ್ಲ. 2022ರಲ್ಲಿ ಪ್ರಪಂಚದಲ್ಲಿ ಸುಮಾರು 4 ಲಕ್ಷ 20 ಸಾವಿರ ಸ್ತ್ರೀಯರಲ್ಲಿ ಇದು ಹೊಸದಾಗಿ ಪತ್ತೆಯಾಯಿತು. ಬೆಂಗಳೂರಿನಲ್ಲಿ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಸ್ಥಾಪನೆಯಾದದ್ದು 1973ರಲ್ಲಿ; ನಗರದ ಕ್ಯಾನ್ಸರ್ ರೋಗಿಗಳ ಲೆಕ್ಕವನ್ನು ಕ್ರಮವಾಗಿ ಬರೆದಿಡುವ ದಾಖಲಾತಿ ಅಲ್ಲಿ 1982ರಲ್ಲಿ ಮೊದಲಾಯಿತು. ಇಷ್ಟು ವರ್ಷಗಳ ದಾಖಲೆಯಿಂದ ಒಂದು ಸಂಗತಿ ಸ್ಪಷ್ಟವಾಗಿದೆ. ಹಿಂದೆ ನಮ್ಮ ಸ್ತ್ರೀಯರನ್ನು ಹೆಚ್ಚಾಗಿ ಪೀಡಿಸುತ್ತಿದ್ದ ಗರ್ಭಕಂಠದ ಕ್ಯಾನ್ಸರ್ ನಗರದಲ್ಲಿ ಇಳಿಮುಖವಾಗಿದೆ. ಗರ್ಭಕೋಶದ ಒಳಪೊರೆಯ ಕ್ಯಾನ್ಸರ್ ಏರುಮುಖವಾಗಿದೆ. ಆದಕಾರಣ ನಮ್ಮ ಮನೆಗಳವರು ಇದನ್ನು ತಿಳಿದಿರುವುದು ಅಗತ್ಯ.

ಅದೃಷ್ಟವಶಾತ್ ಈ ರೋಗ ಬೇಗನೆ ಸೂಚನೆ ಕೊಡುವುದು. ಮುಟ್ಟು ನಿಂತು ವರ್ಷಗಳಾದ ಮೇಲೆ ಮತ್ತೆ ರಕ್ತ ಕಾಣಿಸುವುದೇ ಆ ಸೂಚನೆ. ಮುಟ್ಟು ನಿಂತ ಮೇಲೆ ಈ ಕ್ಯಾನ್ಸರ್ ಬಂದ 100 ಮಂದಿಯಲ್ಲಿ ಸುಮಾರು 90 ಮಂದಿಗೆ ಹೀಗೆ ರಕ್ತ ಕಂಡಿರುವುದು. ಇದನ್ನೇ ತಿರುಗಿಸಿ, ಹೀಗೆ ರಕ್ತ ಕಂಡ 100 ಮಂದಿಯಲ್ಲಿ 90 ಮಂದಿಗೆ ಕ್ಯಾನ್ಸರ್ ಎನ್ನಬಹುದೆ? ಕೂಡದು. ಅವರಲ್ಲಿ ಕ್ಯಾನ್ಸರ್ ಇರುವವರು ಸುಮಾರು 9 ಮಂದಿ ಮಾತ್ರ. ಉಳಿದವರಿಗೆ ಬೇರೆ ಸಣ್ಣಪುಟ್ಟ ಕಾರಣಗಳು. ಈ ಎರಡು ಮಾತುಗಳ ನಡುವಣ ವ್ಯತ್ಯಾಸವನ್ನು ವಿದ್ಯಾರ್ಥಿಗಳು ಮನಸ್ಸಿನಲ್ಲಿಡಬೇಕು. ಮುಂದೆ ಇದೇ ನಮಗೆ ಉಪಯೋಗಕ್ಕೆ ಬರುವುದು.

ಕಣ್ಣಿಗೆ ಕಾಣದ ಹರಡಿಕೆ

ಗೋವಿಂದರಾಜನಗರದ 58 ವರ್ಷದ ಗೃಹಿಣಿಯೊಬ್ಬರನ್ನು ಕಲ್ಪಿಸಿಕೊಳ್ಳೋಣ. ಮುಟ್ಟು ನಿಂತು ಏಳು ವರ್ಷವಾದ ಮೇಲೆ ರಕ್ತ ಕಂಡಿತು. ಸಂಕೋಚದಿಂದ ಎರಡು ತಿಂಗಳು ಯಾರಿಗೂ ಹೇಳಲಿಲ್ಲ. ಕೊನೆಗೆ ಮಗಳಿಗೆ ತಿಳಿದು ಆಸ್ಪತ್ರೆಗೆ ಕರೆದೊಯ್ದಳು. ಒಳಪೊರೆಯ ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕ್ಯಾನ್ಸರ್ ಎಂದು ತಿಳಿಯಿತು. ಚಿತ್ರಪರೀಕ್ಷೆಗಳಲ್ಲಿ ರೋಗ ಗರ್ಭಕೋಶದೊಳಗೇ ಇರುವಂತೆ ಕಂಡಿತು. ಗರ್ಭಕೋಶವನ್ನೂ ಅದರ ಇಕ್ಕೆಲದ ಅಂಡಾಶಯಗಳನ್ನೂ ಶಸ್ತ್ರಕ್ರಿಯೆಯಿಂದ ತೆಗೆದುಹಾಕುವುದೇ ಇದರ ಮುಖ್ಯ ಚಿಕಿತ್ಸೆ. ಇಷ್ಟರ ಮಟ್ಟಿಗೆ ಸಂದೇಹವಿಲ್ಲ. ಆದರೆ ಆಕೆ ವೈದ್ಯರನ್ನು ಕೇಳಿದ ಪ್ರಶ್ನೆ ಇದು: “ಗೆಡ್ಡೆಯನ್ನು ತೆಗೆಯುತ್ತೀರಿ, ಸರಿ ಡಾಕ್ಟರೇ. ಗ್ರಂಥಿಗಳನ್ನೂ ತೆಗೆಯಬೇಕೆ?”

ಉತ್ತರ ಸುಲಭವಲ್ಲ. ಅಮೆರಿಕದ ಅಂಕಿ ಅಂಶಗಳ ಪ್ರಕಾರ ರೋಗ ಗರ್ಭಕೋಶದೊಳಗೇ ಇದ್ದವರಲ್ಲಿ ಐದು ವರ್ಷ ಕಳೆದ ಮೇಲೆ ಬದುಕಿರುವವರು 10ರಲ್ಲಿ 9ಕ್ಕೂ ಹೆಚ್ಚು. ಹತ್ತಿರದ ಭಾಗಗಳಿಗೋ ಗ್ರಂಥಿಗಳಿಗೋ ಹರಡಿದ್ದವರಲ್ಲಿ 10ರಲ್ಲಿ ಸುಮಾರು 7. ಗ್ರಂಥಿಗಳಲ್ಲಿ ರೋಗವಿದ್ದರೆ ಶಸ್ತ್ರಕ್ರಿಯೆಯ ನಂತರ ಔಷಧ ಚಿಕಿತ್ಸೆಯೋ ವಿಕಿರಣ ಚಿಕಿತ್ಸೆಯೋ ಬೇಕಾಗುವುದು. ಆದುದರಿಂದ ಗ್ರಂಥಿಗಳ ಸ್ಥಿತಿಯನ್ನು ತಿಳಿಯದೆ ಮುಂದಿನ ಹೆಜ್ಜೆ ಇಡಲಾಗದು.

ಚಿತ್ರದಲ್ಲಿ ನೋಡಿ ತಿಳಿಯಬಾರದೆ ಎಂದು ಕೇಳಬಹುದು. ಎಂ.ಆರ್.ಐ. ಆಗಲಿ ಸಿ.ಟಿ. ಆಗಲಿ ಮುಖ್ಯವಾಗಿ ಗ್ರಂಥಿಯ ಗಾತ್ರವನ್ನು ತೋರುವುದೇ ಹೊರತು ಅದರೊಳಗಿನ ಒಂದೊಂದು ಕೋಶವನ್ನಲ್ಲ. ಕ್ಯಾನ್ಸರ್ ಕೋಶಗಳ ಒಂದು ಮಿಲಿಮೀಟರಿನ ಗುಂಪು ಅಡಗಿದ್ದರೂ ಗ್ರಂಥಿಯ ಗಾತ್ರ ಬದಲಾಗದಿರಬಹುದು. ಹಳೆಯ ಸೋಂಕಿನಿಂದ ಊದಿದ ಗ್ರಂಥಿಯಲ್ಲಿ ಕ್ಯಾನ್ಸರೇ ಇಲ್ಲದಿರಬಹುದು. ಮನೆಯ ಹೊರಗಿನಿಂದ ಅಳತೆ ನೋಡಿ ಒಳಗೆ ಯಾರಿದ್ದಾರೆಂದು ಹೇಳುವಂತೆ ಇದು.

ಎಲ್ಲವನ್ನೂ ತೆಗೆದರೆ ಆಗದೆ?

1988ರಲ್ಲಿ ಅಂತರರಾಷ್ಟ್ರೀಯ ಸ್ತ್ರೀರೋಗ ಮತ್ತು ಪ್ರಸೂತಿ ತಜ್ಞರ ಒಕ್ಕೂಟವು ಈ ರೋಗದ ಹಂತವನ್ನು ಶಸ್ತ್ರಕ್ರಿಯೆಯಲ್ಲಿ ಕಂಡುದರ ಮೇಲೆಯೇ ನಿರ್ಧರಿಸಬೇಕೆಂದು ಗೊತ್ತುಮಾಡಿತು. ಆಮೇಲೆ ಅನೇಕ ಆಸ್ಪತ್ರೆಗಳಲ್ಲಿ ಕಿಬ್ಬೊಟ್ಟೆಯ ಗ್ರಂಥಿಗಳನ್ನೆಲ್ಲ ತೆಗೆದು ಪರೀಕ್ಷಿಸುವುದು ವಾಡಿಕೆಯಾಯಿತು. ತೆಗೆದರೆ ಸಂಶಯವೂ ಹೋಯಿತು, ರೋಗವೂ ಹೋಯಿತು ಎಂಬ ತರ್ಕ ಮೇಲುನೋಟಕ್ಕೆ ಸರಿಯಾಗಿಯೇ ಕಾಣುವುದು.

ಆದರೆ ರಾಜಕಾಲುವೆಯನ್ನು ಮುಚ್ಚಿದ ಬಡಾವಣೆಯಲ್ಲಿ ಮಳೆನೀರು ಎಲ್ಲಿಗೆ ಹೋದೀತು? ಮನೆಗಳಿಗೇ ನುಗ್ಗುವುದು. ಹಾಗೆಯೇ ಗ್ರಂಥಿಗಳನ್ನೂ ಅವುಗಳ ನಾಳಗಳನ್ನೂ ಕಿತ್ತುಹಾಕಿದಾಗ ಕಾಲುಗಳಿಂದ ಮೇಲೇರಬೇಕಾದ ದುಗ್ಧರಸಕ್ಕೆ ದಾರಿ ತಪ್ಪಿ, ಕೆಲವರಲ್ಲಿ ಕಾಲು ಊದಿಕೊಳ್ಳುವುದು. ಈ ಊತ ಎಷ್ಟೋ ಮಂದಿಗೆ ಜೀವನಪರ್ಯಂತ ಉಳಿಯುವುದು. ದಿನಕ್ಕೆ ಹತ್ತು ಬಾರಿ ಮಹಡಿ ಹತ್ತಿಳಿಯುವ, ಸಂತೆಗೆ ನಡೆದು ಹೋಗುವ ಗೃಹಿಣಿಗೆ ಭಾರವಾಗಿ ಬಿಗಿದ ಕಾಲು ಸಣ್ಣ ತೊಂದರೆಯಲ್ಲ.

ಇಷ್ಟು ಕಷ್ಟಕ್ಕೆ ಪ್ರತಿಫಲವೇನು? 2008ರಲ್ಲಿ ಇಟಲಿಯಿಂದ 514 ಮಂದಿ ಸ್ತ್ರೀಯರ ಮೇಲಣ ಪ್ರಯೋಗದ ವರದಿ ಬಂತು. 2009ರಲ್ಲಿ ಬ್ರಿಟನ್ ಮುಂತಾದ ದೇಶಗಳ 1408 ಮಂದಿಯ ಮೇಲಣ ಇನ್ನೊಂದು ವರದಿ ಬಂತು. ಆರಂಭದ ಹಂತದ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿನವರಲ್ಲಿ ಗ್ರಂಥಿಗಳನ್ನು ಕ್ರಮವಾಗಿ ತೆಗೆದು, ಇನ್ನೊಂದು ಗುಂಪಿನವರಲ್ಲಿ ಹಾಗೆ ತೆಗೆಯದೆ ನೋಡಿದರು. ಎರಡು ವರದಿಗಳಲ್ಲಿಯೂ ಗ್ರಂಥಿ ತೆಗೆಸಿಕೊಂಡವರು ಹೆಚ್ಚು ಕಾಲ ಬದುಕಲಿಲ್ಲ.

ಇದರಿಂದ ಹೊರಡುವ ನೀತಿಯೇನು? ಆರಂಭದ ಹಂತದಲ್ಲಿ ಗ್ರಂಥಿಯನ್ನು ತೆಗೆಯುವುದರ ಮುಖ್ಯ ಪ್ರಯೋಜನ ಚಿಕಿತ್ಸೆಯಲ್ಲ, ಸುದ್ದಿ. ಸುದ್ದಿಗಾಗಿ ಕೆರೆಯನ್ನೇ ಒಡೆಯಬೇಕಾಗಿಲ್ಲ; ಒಂದು ಬೊಗಸೆ ನೀರು ಸಾಕು. ಆದರೆ ಯಾರಲ್ಲಿ, ಎಲ್ಲಿಂದ ಆ ಬೊಗಸೆಯನ್ನು ಮೊಗೆಯಬೇಕು?

ಸಾಧ್ಯತೆಯ ಲೆಕ್ಕ

1987ರಲ್ಲಿ ಅಮೆರಿಕದ ವೈದ್ಯರು ಆರಂಭದ ಹಂತದ್ದೆಂದು ಕಂಡ 621 ರೋಗಿಗಳ ಗ್ರಂಥಿಗಳನ್ನು ಪರೀಕ್ಷಿಸಿದ ವಿವರವನ್ನು ಪ್ರಕಟಿಸಿದರು. ಒಟ್ಟಿನಲ್ಲಿ 100ಕ್ಕೆ ಸುಮಾರು 9 ಮಂದಿಯ ಕಿಬ್ಬೊಟ್ಟೆಯ ಗ್ರಂಥಿಗಳಲ್ಲಿ ರೋಗವಿತ್ತು. ಆದರೆ ಈ ಸರಾಸರಿಯ ಒಳಗೆ ಬಹಳ ಅಂತರವಿತ್ತು. ಸೂಕ್ಷ್ಮದರ್ಶಕದಲ್ಲಿ ಕ್ಯಾನ್ಸರ್ ಕೋಶಗಳು ಸಹಜ ಕೋಶಗಳನ್ನು ಬಹುಮಟ್ಟಿಗೆ ಹೋಲುತ್ತಿದ್ದರೆ ಅದು ಮೊದಲನೆಯ ದರ್ಜೆ. ತೀರ ವಿಕಾರವಾಗಿದ್ದರೆ ಮೂರನೆಯ ದರ್ಜೆ. ಮೊದಲನೆಯ ದರ್ಜೆಯದಾಗಿ, ಒಳಪೊರೆಯನ್ನು ಬಿಟ್ಟು ಆಳಕ್ಕೆ ಇಳಿಯದ ರೋಗದಲ್ಲಿ ಒಬ್ಬರ ಗ್ರಂಥಿಯಲ್ಲೂ ಕ್ಯಾನ್ಸರ್ ಇರಲಿಲ್ಲ. ಮೂರನೆಯ ದರ್ಜೆಯದಾಗಿ, ಗರ್ಭಕೋಶದ ಸ್ನಾಯುಭಿತ್ತಿಯ ಹೊರಗಿನ ಮೂರನೆಯ ಒಂದು ಭಾಗದವರೆಗೆ ಇಳಿದಿದ್ದರೆ 100ಕ್ಕೆ 34 ಮಂದಿಯಲ್ಲಿ ಇತ್ತು. ಹೆಸರು ಒಂದೇ ಆದರೂ ಅಪಾಯ ಒಂದೇ ಅಲ್ಲ.

ಅಂದಿನಿಂದ ಇಂತಹ ಗುರುತುಗಳನ್ನು ಕೂಡಿಸಿ ಮುನ್ಸೂಚನೆ ಹೇಳುವ ಪ್ರಯತ್ನಗಳು ನಡೆದಿವೆ. ಅಮೆರಿಕದ ಮೇಯೋ ಆಸ್ಪತ್ರೆಯವರು 2000ದಲ್ಲಿ, ಒಂದನೆಯ ಅಥವಾ ಎರಡನೆಯ ದರ್ಜೆ, ಸ್ನಾಯುಭಿತ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚಿಲ್ಲದ ಆಳ, 2 ಸೆಂಟಿಮೀಟರಿಗೆ ಮೀರದ ಗಾತ್ರ, ಈ ಮೂರೂ ಕೂಡಿದ್ದ ತಮ್ಮ ರೋಗಿಗಳಲ್ಲಿ ಯಾರ ಗ್ರಂಥಿಗೂ ರೋಗ ಹರಡಿರಲಿಲ್ಲವೆಂದು ತಿಳಿಸಿದರು. 2012ರಲ್ಲಿ ಕೊರಿಯಾದ ವೈದ್ಯರು ಶಸ್ತ್ರಕ್ರಿಯೆಗೆ ಮುಂಚೆಯೇ ದೊರೆಯುವ ಎರಡು ಸಾಕ್ಷ್ಯಗಳನ್ನು, ಅಂದರೆ ಎಂ.ಆರ್.ಐ. ಚಿತ್ರವನ್ನೂ ರಕ್ತದಲ್ಲಿರುವ ಸಿ.ಎ. 125 ಎಂಬ ಪದಾರ್ಥದ ಪ್ರಮಾಣವನ್ನೂ ಕೂಡಿಸಿ, ಅಪಾಯ ಕಡಿಮೆಯಿರುವವರನ್ನು ಆರಿಸುವ ಕ್ರಮವನ್ನು ಸೂಚಿಸಿದರು.

ಸಾಕ್ಷ್ಯ ಸಾಧ್ಯತೆಯನ್ನು ಹೇಗೆ ಬದಲಿಸುವುದೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಇಲ್ಲಿನ ಅಂಕಿಗಳು ಲೆಕ್ಕದ ಅನುಕೂಲಕ್ಕಾಗಿ ನಾವು ಇಟ್ಟುಕೊಂಡವು. 1000 ರೋಗಿಗಳಲ್ಲಿ 100 ಮಂದಿಯ ಗ್ರಂಥಿಗಳಿಗೆ ರೋಗ ಹರಡಿದೆ, 900 ಮಂದಿಗೆ ಹರಡಿಲ್ಲ ಎನ್ನೋಣ. ಒಂದು ಪರೀಕ್ಷೆ ಎರಡು ಗುಂಪಿನಲ್ಲಿಯೂ 100ಕ್ಕೆ 80ರಂತೆ ಸರಿಯಾಗಿ ಹೇಳುವುದೆನ್ನೋಣ. ಆಗ ಹರಡಿರುವ 100 ಮಂದಿಯಲ್ಲಿ 80 ಮಂದಿಗೆ ‘ಇದೆ’ ಎಂದೂ 20 ಮಂದಿಗೆ ತಪ್ಪಾಗಿ ‘ಇಲ್ಲ’ ಎಂದೂ ಹೇಳುವುದು. ಹರಡದ 900 ಮಂದಿಯಲ್ಲಿ 720 ಮಂದಿಗೆ ‘ಇಲ್ಲ’ ಎಂದೂ 180 ಮಂದಿಗೆ ತಪ್ಪಾಗಿ ‘ಇದೆ’ ಎಂದೂ ಹೇಳುವುದು.

ಈಗ ರೋಗಿಯ ಕಡೆಯಿಂದ ನೋಡೋಣ. ‘ಇದೆ’ ಎನ್ನಿಸಿಕೊಂಡವರು 260 ಮಂದಿ. ಅವರಲ್ಲಿ ನಿಜವಾಗಿ ಹರಡಿರುವುದು 80 ಮಂದಿಗೆ, ಅಂದರೆ 100ಕ್ಕೆ ಸುಮಾರು 31. ‘ಇಲ್ಲ’ ಎನ್ನಿಸಿಕೊಂಡವರು 740 ಮಂದಿ. ಅವರಲ್ಲಿ ಹರಡಿರುವುದು 20 ಮಂದಿಗೆ, ಅಂದರೆ 100ಕ್ಕೆ 3ಕ್ಕಿಂತ ಕಡಿಮೆ. ಪರೀಕ್ಷೆಗೆ ಮುಂಚೆ ಪ್ರತಿಯೊಬ್ಬರಿಗೂ 100ಕ್ಕೆ 10 ಇದ್ದ ಸಾಧ್ಯತೆ, ಪರೀಕ್ಷೆಯಾದ ಮೇಲೆ ಕೆಲವರಿಗೆ 31ಕ್ಕೆ ಏರಿತು, ಉಳಿದವರಿಗೆ 3ರ ಹತ್ತಿರಕ್ಕೆ ಇಳಿಯಿತು. ಮುನ್ಸೂಚನೆಯೆಂದರೆ ಇಷ್ಟೇ. ಅದು ಜ್ಯೋತಿಷ್ಯವಲ್ಲ, ಸಾಕ್ಷ್ಯ ಬಂದಂತೆ ನಂಬಿಕೆಯ ಪ್ರಮಾಣವನ್ನು ತಿದ್ದಿಕೊಳ್ಳುವುದು. ಈ ತಿದ್ದುಪಡಿಯ ನಿಯಮವನ್ನು ಕಂಡವನು ಇಂಗ್ಲೆಂಡಿನ ಪಾದ್ರಿ ಥಾಮಸ್ ಬೇಯ್ಸ್. ಅವನ ಪ್ರಬಂಧ ಅವನು ತೀರಿಕೊಂಡ ಮೇಲೆ 1763ರಲ್ಲಿ ಪ್ರಕಟವಾಯಿತು.

ಸಾಕ್ಷ್ಯಗಳು ಹಲವಾದಾಗ ಒಂದು ಎಚ್ಚರಿಕೆ ಬೇಕು. ಆಳಕ್ಕೆ ಇಳಿದ ಗೆಡ್ಡೆ ಸಾಮಾನ್ಯವಾಗಿ ದೊಡ್ಡದೂ ಆಗಿರುವುದು. ಆಳವನ್ನೂ ಗಾತ್ರವನ್ನೂ ಎರಡು ಸ್ವತಂತ್ರ ಸಾಕ್ಷಿಗಳೆಂದು ಎಣಿಸಿದರೆ ಒಬ್ಬನ ಮಾತನ್ನೇ ಎರಡು ಸಲ ಬರೆದುಕೊಂಡಂತಾಗುವುದು. 2020ರಲ್ಲಿ ನೆದರ್ಲೆಂಡ್ಸಿನ ಸಂಶೋಧಕರು ಮುಂದಾಗಿ ನಿಂತು ಪ್ರಕಟಿಸಿದ ಎಂಡೋರಿಸ್ಕ್ ಎಂಬ ಗಣಿತಜಾಲ ಈ ಪರಸ್ಪರ ಸಂಬಂಧಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡು ಬೇಯ್ಸನ ನಿಯಮದಂತೆ ಕೆಲಸಮಾಡುವುದು. ಕೋಶಗಳ ದರ್ಜೆ, ಚಿತ್ರ, ರಕ್ತಪರೀಕ್ಷೆ, ಗೆಡ್ಡೆಯ ಚೂರಿನಲ್ಲಿ ಕಾಣುವ ಕೆಲವು ಪ್ರೋಟೀನುಗಳು, ಇವುಗಳಲ್ಲಿ ಗೊತ್ತಿರುವಷ್ಟನ್ನು ಕೊಟ್ಟರೆ ಆ ರೋಗಿಯ ಗ್ರಂಥಿಗಳಿಗೆ ರೋಗ ಹರಡಿರುವ ಸಾಧ್ಯತೆಯನ್ನು ಅದು ತಿಳಿಸುವುದು.

ಕಾವಲು ಗ್ರಂಥಿ

ಲೆಕ್ಕ ಎಷ್ಟೇ ಚೆನ್ನಾಗಿದ್ದರೂ ಸಾಧ್ಯತೆಯನ್ನು ಸೊನ್ನೆಗೆ ಇಳಿಸಲಾರದು. ಇಲ್ಲಿ ಬೈರಮಂಗಲದ ಪಾಠ ನೆರವಿಗೆ ಬರುವುದು. ದುಗ್ಧರಸ ಗೆಡ್ಡೆಯಿಂದ ಹೊರಟು ಮೊಟ್ಟಮೊದಲು ಯಾವ ಗ್ರಂಥಿಯನ್ನು ಸೇರುವುದೋ ಅದೇ ಕಾವಲು ಗ್ರಂಥಿ. ಶತ್ರು ಒಳನುಗ್ಗಿದ್ದರೆ ಹೆಬ್ಬಾಗಿಲ ಕಾವಲುಗಾರನಿಗೆ ತಿಳಿದಿರಲೇಬೇಕು. ಅವನು ಶತ್ರುವನ್ನು ಕಂಡಿಲ್ಲವಾದರೆ ಒಳಗಿನ ಮನೆಗಳನ್ನು ಶೋಧಿಸುವ ಅಗತ್ಯ ಸಾಮಾನ್ಯವಾಗಿ ಬೀಳದು. ದಕ್ಷಿಣ ಅಮೆರಿಕದ ಪರಾಗ್ವೆ ದೇಶದ ವೈದ್ಯ ರಮೋನ್ ಕಬಾನ್ಯಾಸ್ 1977ರಲ್ಲಿ ಬೇರೊಂದು ಅಂಗದ ಕ್ಯಾನ್ಸರಿನ ವಿಷಯದಲ್ಲಿ ಈ ವಿಚಾರವನ್ನು ಮುಂದಿಟ್ಟ. ಕಾಲಕ್ರಮದಲ್ಲಿ ಅದು ಸ್ತನದ ಮತ್ತು ಗರ್ಭಕೋಶದ ಕ್ಯಾನ್ಸರುಗಳಿಗೂ ಅನ್ವಯವಾಯಿತು.

ಆ ಗ್ರಂಥಿಯನ್ನು ಗುರುತಿಸುವುದು ಹೇಗೆ? ಮೋರಿಯ ನೀರು ಎಲ್ಲಿಗೆ ಹೋಗುವುದೆಂದು ತಿಳಿಯಬೇಕಾದರೆ ಅದಕ್ಕೆ ಬಣ್ಣವನ್ನು ಸುರಿದು ಹಿಂಬಾಲಿಸುವೆವು. ವೈದ್ಯರೂ ಅದನ್ನೇ ಮಾಡುವರು. ಶಸ್ತ್ರಕ್ರಿಯೆಯ ಆರಂಭದಲ್ಲಿ ಗರ್ಭಕಂಠಕ್ಕೆ ಇಂಡೋಸಯನೀನ್ ಗ್ರೀನ್ ಎಂಬ ವರ್ಣದ್ರವ್ಯವನ್ನು ಸೂಜಿಯಿಂದ ಸೇರಿಸುವರು. ಇದರ ಮೇಲೆ ತಕ್ಕ ಬೆಳಕನ್ನು ಚೆಲ್ಲಿದರೆ ಅದು ನಮ್ಮ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಹೊರಸೂಸುವುದು. ಆ ಕಿರಣಗಳನ್ನು ಹಿಡಿಯುವ ಕ್ಯಾಮೆರಾದ ತೆರೆಯ ಮೇಲೆ, ಕೆಲವೇ ನಿಮಿಷಗಳಲ್ಲಿ ದುಗ್ಧನಾಳಗಳು ದೀಪ ಹಚ್ಚಿದ ಬೀದಿಗಳಂತೆ ಹೊಳೆದು ಕಾವಲು ಗ್ರಂಥಿಯ ಮನೆಬಾಗಿಲಿಗೆ ಕರೆದೊಯ್ಯುವುವು. ಆ ಒಂದೆರಡು ಗ್ರಂಥಿಗಳನ್ನು ಮಾತ್ರ ತೆಗೆದು, ತೆಳುವಾದ ಪದರಗಳಾಗಿ ಕೊಯ್ದು, ಒಂದು ಮಿಲಿಮೀಟರಿಗಿಂತ ಚಿಕ್ಕ ಗುಂಪುಗಳೂ ತಪ್ಪದಂತೆ ಹುಡುಕುವರು.

ಈ ಕ್ರಮವನ್ನು ಎಷ್ಟರಮಟ್ಟಿಗೆ ನಂಬಬಹುದು? 2017ರಲ್ಲಿ ಅಮೆರಿಕದಿಂದ ಪ್ರಕಟವಾದ ಒಂದು ಅಧ್ಯಯನದಲ್ಲಿ 340 ಮಂದಿಗೆ ಬಣ್ಣದ ಪರೀಕ್ಷೆ ಮಾಡಿ, ಆಮೇಲೆ ಉಳಿದ ಕಿಬ್ಬೊಟ್ಟೆಯ ಗ್ರಂಥಿಗಳನ್ನೂ ತೆಗೆದು ತಾಳೆ ನೋಡಿದರು. 41 ಮಂದಿಯ ಗ್ರಂಥಿಗಳಲ್ಲಿ ರೋಗವಿತ್ತು. ಅವರಲ್ಲಿ 36 ಮಂದಿಗೆ ಬಣ್ಣ ಕನಿಷ್ಠ ಒಂದು ಗ್ರಂಥಿಯನ್ನು ತೋರಿತ್ತು. ಆ 36ರಲ್ಲಿ 35 ಮಂದಿಯ ರೋಗವನ್ನು ಕಾವಲು ಗ್ರಂಥಿಯೇ ಸರಿಯಾಗಿ ತಿಳಿಸಿತು. ಇದು ಬಹಳ ಒಳ್ಳೆಯ ಫಲಿತಾಂಶವೆನ್ನಬೇಕು.

ಆದರೆ ಉಳಿದ 5 ಮಂದಿಯನ್ನು ಮರೆಯುವಂತಿಲ್ಲ. ಅವರಲ್ಲಿ ರೋಗವಿತ್ತು, ಬಣ್ಣ ಮಾತ್ರ ಯಾವ ಗ್ರಂಥಿಯನ್ನೂ ತೋರಲಿಲ್ಲ. ಕಾವಲುಗಾರ ‘ಯಾರೂ ಬರಲಿಲ್ಲ’ ಎನ್ನುವುದು ಬೇರೆ, ಕಾವಲುಗಾರನೇ ಸಿಕ್ಕದಿರುವುದು ಬೇರೆ. ಆದಕಾರಣ ಎಡಬಲಗಳಲ್ಲಿ ಯಾವ ಪಕ್ಕದಲ್ಲಿ ಬಣ್ಣ ಕಾಣಿಸದೋ ಆ ಪಕ್ಕದ ಗ್ರಂಥಿಗಳನ್ನು ಬೇರೆಯಾಗಿ ತೆಗೆದು ನೋಡಬೇಕೆಂದು ನಿಯಮ ಮಾಡಿದ್ದಾರೆ.

ರೋಗದ ಒಳಗುರುತು

ಈಚೆಗೆ ಇನ್ನೊಂದು ಬಗೆಯ ಸಾಕ್ಷ್ಯವೂ ದೊರೆತಿದೆ. 2013ರಲ್ಲಿ ಈ ಕ್ಯಾನ್ಸರಿನ ಆನುವಂಶಿಕ ದ್ರವ್ಯವನ್ನು ವಿವರವಾಗಿ ಓದಿದ ವಿಜ್ಞಾನಿಗಳು, ಸೂಕ್ಷ್ಮದರ್ಶಕಕ್ಕೆ ಒಂದೇ ತೆರನಾಗಿ ಕಂಡರೂ ಇದರಲ್ಲಿ ನಾಲ್ಕು ಜಾತಿಗಳಿವೆಯೆಂದು ತೋರಿಸಿದರು. ‘ಪೋಲ್’ ಎಂಬ ಜೀನು ಕೆಟ್ಟು ಹುಟ್ಟಿದ ಜಾತಿ ನೋಟಕ್ಕೆ ಭಯಂಕರವಾಗಿದ್ದರೂ ಬಹುಮಟ್ಟಿಗೆ ಸಾಧು. ‘ಪಿ 53’ ಎಂಬ ರಕ್ಷಕ ಪ್ರೋಟೀನು ಕೆಟ್ಟ ಜಾತಿ ಬಹಳ ಆಕ್ರಮಣಶೀಲ. ಅಂತರರಾಷ್ಟ್ರೀಯ ಒಕ್ಕೂಟವು 2023ರಲ್ಲಿ ಹಂತಗಳ ನಿರ್ಣಯವನ್ನು ಪರಿಷ್ಕರಿಸಿದಾಗ ಈ ಒಳಗುರುತಿಗೂ ಸ್ಥಾನ ಕೊಟ್ಟಿತು.

ಈಗ ನಮ್ಮ ಗೃಹಿಣಿಯ ಪ್ರಶ್ನೆಗೆ ಹಿಂದಿರುಗೋಣ. ಆಕೆಯ ಗೆಡ್ಡೆ ಮೊದಲನೆಯ ದರ್ಜೆಯದು, ಚಿಕ್ಕದು, ಆಳಕ್ಕೆ ಇಳಿದಿಲ್ಲವೆಂದು ಇಟ್ಟುಕೊಳ್ಳೋಣ. “ತಾಯಿ, ಗ್ರಂಥಿಗಳನ್ನೆಲ್ಲ ತೆಗೆಯುವ ಅಗತ್ಯವಿಲ್ಲ. ಬಣ್ಣ ತೋರಿಸಿದ ಒಂದೆರಡನ್ನು ನೋಡಿದರೆ ಸಾಕು” ಎಂದು ವೈದ್ಯರು ಧೈರ್ಯವಾಗಿ ಹೇಳಬಹುದು. ಆ ಧೈರ್ಯ ಬಂದದ್ದು, ಹಿಂದೆ ತಮ್ಮ ಗ್ರಂಥಿಗಳನ್ನು ಕೊಟ್ಟು ಪರೀಕ್ಷೆಗೆ ಒಪ್ಪಿಕೊಂಡ ಸಾವಿರಾರು ಅಪರಿಚಿತ ಸ್ತ್ರೀಯರಿಂದ. ಅವರಲ್ಲಿ ಹಲವರು ಊದಿದ ಕಾಲನ್ನು ಎಳೆದುಕೊಂಡು ನಡೆದದ್ದರಿಂದಲೇ ಇಂದು ಈಕೆ ಹಗುರವಾಗಿ ನಡೆಯಬಲ್ಲಳು.

ಆದರೆ ಈ ಲೆಕ್ಕಗಳೆಲ್ಲ ಆರಂಭದ ಹಂತಕ್ಕೆ ಸೇರಿದವು. ಆರಂಭದಲ್ಲಿಯೇ ಬಂದವರಿಗೆ ಮಾತ್ರ ಕಡಿಮೆ ಶಸ್ತ್ರಕ್ರಿಯೆಯ ಭಾಗ್ಯ. ರೋಗ ಎಲ್ಲಿಗೆ ಹರಡಿದೆಯೆಂದು ಊಹಿಸಲು ಗಣಿತವಿದೆ, ಬಣ್ಣವಿದೆ, ಕ್ಯಾಮೆರಾ ಇದೆ. ಸಂಕೋಚದಿಂದ ಮುಚ್ಚಿಟ್ಟ ಎರಡು ತಿಂಗಳನ್ನು ಹಿಂದಕ್ಕೆ ತರುವ ಉಪಕರಣ ಇನ್ನೂ ಇಲ್ಲ. ಮುಟ್ಟು ನಿಂತ ಮೇಲೆ ಒಂದೇ ಒಂದು ತೊಟ್ಟು ರಕ್ತ ಕಂಡರೂ ವೈದ್ಯರಿಗೆ ತೋರಿಸಬೇಕು. 100ರಲ್ಲಿ 91 ಮಂದಿ ನಿಶ್ಚಿಂತೆಯಿಂದ ಮನೆಗೆ ಮರಳುವರು, ಉಳಿದ 9 ಮಂದಿ ಸಕಾಲದಲ್ಲಿ ಬಂದವರಾಗುವರು. ಈ ಲೇಖನವನ್ನು ಓದಿದ ವಿದ್ಯಾರ್ಥಿಗಳು ಇಷ್ಟು ಮಾತನ್ನು ತಮ್ಮ ತಾಯಿಗೂ ಅಜ್ಜಿಗೂ ಸಂಕೋಚವಿಲ್ಲದೆ ತಿಳಿಸಿದರೆ ನಮ್ಮ ಶ್ರಮ ಸಾರ್ಥಕ.